ಒಂದು ಕಡೆ ಕೂರದ ರಂಜಿತ

ರಂಜಿತಳಿಗೆ ಕೂತು ಉಣ್ಣುವುದೆಂದರೆ ಶಿಕ್ಷೆ. ತಟ್ಟೆ ಹಿಡಿದು ಅಡುಗೆಮನೆಯಿಂದ ಜಗಲಿಗೆ, ಜಗಲಿಯಿಂದ ಕೊಟ್ಟಿಗೆಗೆ ಓಡಾಡುತ್ತಲೇ ಮುದ್ದೆ ನುಂಗುತ್ತಾಳೆ. ಅವಳ ಅವ್ವ ಅಂಕಮ್ಮ ಮಗಳು ನಡೆಯಲು ಕಲಿತ ದಿನದಿಂದ ಹೇಳುತ್ತಿರುವುದು ಒಂದೇ ಮಾತು: "ಒಂದ್ ಕಡೆ ಕುಂತ್ಕಳಮ್ಮಿ."

ಸಿಕ್ಕ ಕೆಲಸವಾದರೂ ಕೂರಿಸುವಂಥದ್ದೇ? ಅದೂ ಅಲ್ಲ. ಡಿಪ್ಲೊಮಾ ಮುಗಿಸಿ ಮಂಡ್ಯದ ಸಣ್ಣ ಕಂಪನಿಯೊಂದಕ್ಕೆ ಸೇರಿದವಳಿಗೆ ದಿನಾ ರಸ್ತೆಯೇ ಆಫೀಸು. ಮದ್ದೂರಿನ ರೈಸ್‌ಮಿಲ್ಲು, ಮಳವಳ್ಳಿ ಕಡೆಯ ರೇಷ್ಮೆ ಫ್ಯಾಕ್ಟರಿ, ಹಳ್ಳಿಗಳ ಹಾಲಿನ ಡೇರಿ, ಹೀಗೆ ಎಲ್ಲೆಲ್ಲಿ ಯಂತ್ರವನ್ನು ನಡೆಸುವ ಕಂಟ್ರೋಲರ್ ಪೆಟ್ಟಿಗೆ ಮುನಿಸಿಕೊಳ್ಳುತ್ತದೋ ಅಲ್ಲಿಗೆಲ್ಲ ಸ್ಕೂಟಿಯಲ್ಲಿ ಹೋಗಬೇಕು, ಲ್ಯಾಪ್‌ಟಾಪು ಸಿಕ್ಕಿಸಿ ಅದನ್ನು ಮಾತಾಡಿಸಬೇಕು. ಬಿಸಿಲಿಗೆ ಮುಖ ಕಪ್ಪಿಟ್ಟಿತು, ಹೊತ್ತುಹೊತ್ತಿಗೆ ಊಟವಿಲ್ಲ. ಆದರೂ ಸ್ಕೂಟಿ ಸ್ಟಾರ್ಟ್ ಮಾಡಿದ ಕೂಡಲೇ ಅವಳ ಎದೆ ಹಗುರವಾಗುತ್ತದೆ. ಇದನ್ನು ಅವ್ವನಿಗೆ ಬಿಡಿಸಿ ಹೇಳುವುದು ಹೇಗೆ?

ಹೋದ ವಾರ ಅಂಕಮ್ಮನ ತಮ್ಮ ಮಂಡ್ಯದಲ್ಲಿ ಒಂದು ಕೆಲಸ ಹುಡುಕಿಟ್ಟ. ಫ್ಯಾನಿನ ಕೆಳಗೆ ಕುರ್ಚಿ, ಮುಂದೊಂದು ಕಂಪ್ಯೂಟರು, ಸಂಜೆ ಹೊತ್ತಿಗೆ ಮನೆ. ಅವ್ವ ಬಿಡಲಿಲ್ಲ, ಉಂಡರೂ ಅದೇ, ಮಲಗಿದರೂ ಅದೇ. ಕೊನೆಗೆ ರೇಗಿ ರಂಜಿತ ಅಂದುಬಿಟ್ಟಿದ್ದಳು: "ಈ ಕೆಲ್ಸ ನಂಗೆ ಕೈಕೊಟ್ಟ ದಿನ ಬುಟ್ಬುಡ್ತೀನಿ, ಆಯ್ತಾ?" ಅಂಕಮ್ಮ ಆ ಮಾತನ್ನು ಸೆರಗಿಗೆ ಗಂಟು ಹಾಕಿಕೊಂಡಳು. ತಮ್ಮನಿಗೆ ಇವತ್ತು ಉತ್ತರ ಕೊಡಬೇಕಿತ್ತು.

ಇವತ್ತೇ ಬೆಳಿಗ್ಗೆ ಸ್ವಂತ ಊರಿನ ಡೇರಿಯಿಂದ ಫೋನು ಬಂತು.

ಪೂರಿಗಾಲಿ ದಾಟಿ ಒಳಗೆ ಹೋದರೆ ಸಿಗುವ ಹೊಂಗೆಕೊಪ್ಪಲು ಅವರ ಊರು. ಡೇರಿ ಇರುವುದು ಬೀದಿಯ ತುದಿಗೆ. ರಂಜಿತ ಹೋಗುವಷ್ಟರಲ್ಲಿ ಊರೆಲ್ಲ ಹಾಲು ಅಳೆದಾಗಿತ್ತು, ಖಾಲಿ ಕ್ಯಾನು ಹಿಡಿದ ಹೆಂಗಸರು ಮನೆಗೆ ಹೋಗದೆ ಬಾಗಿಲಲ್ಲೇ ನಿಂತಿದ್ದರು. ಅವರ ಮಧ್ಯೆ ಅಂಕಮ್ಮನೂ ಇದ್ದಳು. ದೊಡ್ಡ ಸ್ಟೀಲ್ ಟ್ಯಾಂಕಿನ ತುಂಬ ಹಾಲು. ಅದನ್ನು ತಣ್ಣಗೆ ಮಾಡಬೇಕಾದ ಕಂಪ್ರೆಸರಿಗೆ ಉಸಿರೇ ಇಲ್ಲ. ಏಪ್ರಿಲ್ ಬಿಸಿಲು ಆಗಲೇ ತಗಡಿನ ಮೇಲೆ ಏರುತ್ತಿತ್ತು.

"ಆಲು ಕರೆದಾಗ ಎಂಗಿತ್ತೋ ಅಂಗೇ ಬಿಸಿ ಅದೆ ಕಣವ್ವ," ಎಂದ ಸೆಕ್ರೆಟರಿ ಸಿದ್ದರಾಜು. "ಟ್ಯಾಂಕರ್ ಬರೋದ್ರಲ್ಲಿ ಒಡ್ದೋದ್ರೆ ಅಷ್ಟನ್ನೂ ಮೋರಿಗೆ ಸುರೀಬೇಕು. ಊರು ನನ್ ಮಕಕ್ಕೆ ಉಗೀತದೆ."

ಈ ಸಿದ್ದರಾಜು ಒಳ್ಳೆಯವನೇ, ಆದರೆ ಒಂಬತ್ತರ ಹುಚ್ಚು. ಅವನ ಬೈಕಿನ ನಂಬರು ಕೂಡಿದರೆ ಒಂಬತ್ತು, ಫೋನಿನ ನಂಬರು ಕೂಡಿದರೆ ಒಂಬತ್ತು. ಮಗಳ ಮದುವೆಗೆ ಛತ್ರ ಹಿಡಿದದ್ದೂ ಒಂಬತ್ತನೇ ತಾರೀಕಿಗೇ. ಎರಡು ವರ್ಷದ ಕೆಳಗೆ ಈ ಯಂತ್ರ ಕೂರಿಸುವಾಗಲೂ ರಂಜಿತಳ ಬೆನ್ನ ಹಿಂದೆ ನಿಂತು ಪ್ರಾಣ ತಿಂದಿದ್ದ. ಫೋನಿಗೆ ನಂಬರಿದ್ದ ಹಾಗೆ ಕಂಟ್ರೋಲರಿಗೂ ಒಂದು ನಂಬರು ಕೊಡಬೇಕು. ಲ್ಯಾಪ್‌ಟಾಪು ಆ ನಂಬರಿಗೆ ಕೂಗಿದರೆ ಅದು ಓ ಎನ್ನಬೇಕು. ಹೋಗಲಿ ಪಾಪ ಎಂದು ಅವಳು ಎಂಬತ್ತೊಂದು ಕೊಟ್ಟಿದ್ದಳು. ಎಂಟು ಮತ್ತು ಒಂದು ಒಂಬತ್ತು. ಅವನು ಅಲ್ಲೇ ಕಾಯಿ ಒಡೆದಿದ್ದ.

ಪ್ಯಾನೆಲ್ ಬಾಗಿಲಿನ ಪರದೆಯಲ್ಲಿ ಕಂಟ್ರೋಲರ್ ಸಿಗುತ್ತಿಲ್ಲ ಎಂಬ ಕೆಂಪಕ್ಷರ ಮಿನುಗುತ್ತಿತ್ತು. ಪರದೆಗೂ ಕಂಟ್ರೋಲರಿಗೂ ಮಾತು ನಿಂತರೆ ಅಪಾಯವಾದೀತೆಂದು ಕಂಪ್ರೆಸರೂ ನಿಂತುಬಿಡುತ್ತದೆ. ಕೈಯಿಂದ ಓಡಿಸುವ ಸ್ವಿಚ್ಚು ಮೊದಲು ಇತ್ತು. ಯಾರೋ ಅದನ್ನು ಆರಿಸಲು ಮರೆತು ಹಾಲೆಲ್ಲ ಮಂಜುಗಡ್ಡೆ ಕಟ್ಟಿದ್ದರಿಂದ ಕಂಪನಿಯವರು ಕಿತ್ತುಹಾಕಿದ್ದರು.

ರಂಜಿತ ಲ್ಯಾಪ್‌ಟಾಪನ್ನು ಕ್ಯಾನಿನ ಮೇಲಿಟ್ಟು ಕೇಬಲ್ ಸಿಕ್ಕಿಸಿದಳು. ಸಿಗಲಿಲ್ಲ. ಕೇಬಲ್ ಬದಲಾಯಿಸಿದಳು. ಸಿಗಲಿಲ್ಲ. ಆಮೇಲೆ ನೋಡಿದರೆ ಲ್ಯಾಪ್‌ಟಾಪು ಇನ್ನೂ ನಿನ್ನೆಯ ಮದ್ದೂರು ಮಿಲ್ಲಿನ ನಂಬರುಗಳಿಗೇ ಹೊಂದಿಕೊಂಡಿತ್ತು. ತನಗೆ ತಾನೇ ಬೈದುಕೊಂಡು ಅದನ್ನು ಇಲ್ಲಿಗೆ ಹೊಂದಿಸಿದಳು. ವೈಫೈ ಆರಿಸಿದಳು, ಹೊರಗಿನವರನ್ನು ತಡೆಯುವ ಕಾವಲನ್ನೂ ತೆಗೆದಳು. ಎಂಬತ್ತೊಂದಕ್ಕೆ ಕೂಗಿದಳು. ಉತ್ತರ ಬಂತು! ಒಂದರ ಹಿಂದೆ ಒಂದು ಸಾಲು, ಇದ್ದೇನೆ, ಇದ್ದೇನೆ ಎಂದು.

ಆದರೆ ಪ್ರೋಗ್ರಾಮು ತೆರೆದರೆ ಕಂಟ್ರೋಲರೇ ಇಲ್ಲ ಎನ್ನುತ್ತಿದೆ. ಕೂಗಿದರೆ ಓ ಎನ್ನುತ್ತದೆ, ಕೆಲಸ ಹೇಳಿದರೆ ಕೇಳುವುದಿಲ್ಲ. ರಂಜಿತಳಿಗೆ ಮೈಯೆಲ್ಲ ಉರಿಯತೊಡಗಿತು. ಟ್ಯಾಂಕಿನ ಸುತ್ತ ಒಂದು ಸುತ್ತು ಬಂದಳು, ಮತ್ತೆ ಪ್ರಯತ್ನಿಸಿದಳು, ಮತ್ತೊಂದು ಸುತ್ತು ಬಂದಳು. ಸಿದ್ದರಾಜು ಗಳಿಗೆಗೊಮ್ಮೆ ಹಾಲಿಗೆ ಮೂಗು ಹಚ್ಚಿ ನೋಡುತ್ತಿದ್ದ.

"ಅಲ್ಲ ಅಂಕಮ್ಮ, ನಿನ್ ಮಗ್ಳು ಗಾಣದೆತ್ತಿನಂಗೆ ಸುತ್ತಾವ್ಳಲ್ಲ, ಮಿಸಿನ್ ಬಿಚ್ಬಾರ್ದಾ?" ಎಂದು ಬಾಗಿಲಿನಿಂದ ಪಟ್ಟಲಮ್ಮ ಕೂಗಿದಳು. ಎರಡು ಸೀಮೆಹಸುವಿನ ಹಾಲು ಸುರಿದು ನಿಂತಿದ್ದ ಹೆಂಗಸು, ಅವಳ ಸಂಕಟ ಅವಳಿಗೆ.

"ಅವ್ಳ್ ಕೆಲ್ಸ ಅವ್ಳ್ ಮಾಡ್ಲಿ ಬುಡಕ್ಕ," ಎಂದಳು ಅಂಕಮ್ಮ. ಅಷ್ಟರಲ್ಲಿ ಅವಳ ಸೊಂಟದಲ್ಲಿದ್ದ ಫೋನು ಬಡಿದುಕೊಂಡಿತು, ತಮ್ಮನದು. "ಊಂ ಕಣ್ಲಾ... ಇರು, ಇಲ್ಲೇ ಅವ್ಳೆ... ಇನ್ನೊಂದ್ ಗಳ್ಗೆ ಬುಟ್ಟು ಮಾಡು." ಫೋನು ಇಟ್ಟು ಮಗಳ ಮುಖ ನೋಡಿದಳು.

ರಂಜಿತಳಿಗೆ ಅಳು ಬರುವಂತಾಯಿತು. ಮದ್ದೂರಿನಲ್ಲೋ ಮಳವಳ್ಳಿಯಲ್ಲೋ ಸೋತಿದ್ದರೆ ಹೆಲ್ಮೆಟ್ಟಿನೊಳಗೆ ಮುಖ ತೂರಿಸಿ ಬರಬಹುದಿತ್ತು. ಇಲ್ಲಿ ಹಾಲು ಮೋರಿಗೆ ಹೋದರೆ ದಿನಾ ಅದೇ ಮೋರಿ ದಾಟಿಯೇ ಮನೆಗೆ ಹೋಗಬೇಕು. ಆಮೇಲೆ ಆ ಫ್ಯಾನು, ಆ ಕುರ್ಚಿ. ಇನ್ನು ಜೀವಮಾನವಿಡೀ ಕೂತಿರಬೇಕು!

ಕೊನೆಗೆ ಏನೂ ತೋಚದೆ, ಕಂಟ್ರೋಲರನ್ನು ಒಮ್ಮೆ ಪೂರ್ತಿ ಆರಿಸಿ ಹಚ್ಚೋಣವೆಂದು ಅದರ ಕರೆಂಟು ತೆಗೆದಳು. ಪೆಟ್ಟಿಗೆಯ ಒಂದೊಂದು ದೀಪವೂ ಆರಿತು. ಹಾಗೇ ಲ್ಯಾಪ್‌ಟಾಪಿನ ಕಡೆ ಕಣ್ಣು ಹೋಯಿತು.

ಉತ್ತರ ಬರುತ್ತಲೇ ಇತ್ತು.

ಅವಳು ಕಣ್ಣುಜ್ಜಿಕೊಂಡಳು. ಕಂಟ್ರೋಲರಿಗೆ ಜೀವವಿಲ್ಲ, ಎಂಬತ್ತೊಂದು ಮಾತ್ರ ಇದ್ದೇನೆ, ಇದ್ದೇನೆ ಎನ್ನುತ್ತಿದೆ. ಹಾಗಾದರೆ ಇಷ್ಟು ಹೊತ್ತು ಓಗೊಟ್ಟವರು ಯಾರು?

ಪ್ಯಾನೆಲಿನೊಳಗೆ ತಲೆ ತೂರಿಸಿ ವೈರುಗಳನ್ನು ಒಂದೊಂದಾಗಿ ಬೆರಳಲ್ಲಿ ಹಿಡಿದು ನೋಡಿದಳು. ತನ್ನ ಕೇಬಲ್ಲೂ ಉಳಿದೆಲ್ಲ ವೈರೂ ಬಂದು ಸೇರುವ ಪುಟ್ಟ ಪೆಟ್ಟಿಗೆಯಲ್ಲಿ ತಾನು ಹಾಕದ ಹೊಸ ಬಿಳಿ ವೈರೊಂದಿತ್ತು. ಅದು ಗೋಡೆ ಹತ್ತಿ, ತೊಲೆ ಹಿಡಿದು, ಮೂಲೆಯಲ್ಲಿದ್ದ ಕ್ಯಾಮರಾದೊಳಗೆ ಹೋಗಿತ್ತು. ಕ್ಯಾಮರಾದ ಹಣೆಗೆ ಹಸಿ ಕುಂಕುಮ, ಮೇಲೊಂದು ಸೇವಂತಿಗೆ.

"ಸಿದ್ರಾಜಣ್ಣ, ಇದ್ಯಾವಾಗ ಹಾಕ್ಸಿದ್ದು?"

"ಇವತ್ತೇ ಕಣವ್ವ, ಒಳ್ಳೆ ಗಳ್ಗೆ ನೋಡಿ ಒತ್ತಾರೆನೇ ಹಾಕುಸ್ದೆ. ಅಳತೆ ಕಮ್ಮಿ ಆಯ್ತದೆ ಅಂತ ದಿನಾ ಜಗಳ. ಮಳವಳ್ಳಿ ಚಲುವರಾಜು ಬಂದಿದ್ದ. ಒಂದು ತೂತು ಖಾಲಿ ಅದೆ ಅಂತ ಅಲ್ಲಿಗೇ ಸಿಗ್ಸ್ದ. ಯಾಕೆ?"

"ಅದಕ್ಕೆ ನಂಬರ್ ಏನು ಕೊಟ್ರು?"

ಸಿದ್ದರಾಜು ಮತ್ತೆ ಹಾಲಿಗೆ ಮೂಗು ಹಚ್ಚಿದ. ರಂಜಿತ ಚಲುವರಾಜುವಿಗೇ ಫೋನು ಹಚ್ಚಿದಳು. "ನಾನೇನ್ ಮಾಡ್ಲಿ ಮೇಡಂ," ಎಂದ ಅವನು. "ಕೂಡುದ್ರೆ ಒಂಬತ್ತು ಬರ್ಬೇಕು ಅಂತ ಕುತ್ಗೆ ಮೇಲೆ ಕುಂತಿದ್ರು. ಎಂಬತ್ತೊಂದು ಕೊಟ್ಟೆ."

ಒಂದೇ ನಂಬರಿಗೆ ಇಬ್ಬರು ಓ ಎನ್ನುತ್ತಿದ್ದರು. ಹೊಸದಾಗಿ ಬಂದ ಕ್ಯಾಮರಾಕ್ಕೆ ಉತ್ಸಾಹ ಜಾಸ್ತಿ; ಪರದೆ ಕೂಗಿದರೂ ಲ್ಯಾಪ್‌ಟಾಪು ಕೂಗಿದರೂ ತಾನೇ ಮುಂದೆ ಬೀಳುತ್ತಿತ್ತು. ರಂಜಿತಳಿಗೆ ನಗು ಬಂತು, ಸಿಟ್ಟೂ ಬಂತು. ಅಂದು ಈ ಮನುಷ್ಯನ ಮನಸ್ಸು ನೋಯಬಾರದೆಂದು ಎಂಬತ್ತೊಂದು ಕೊಟ್ಟವಳು ತಾನೇ ಅಲ್ಲವೆ?

ಬಿಳಿ ವೈರನ್ನು ಕಿತ್ತಳು. ಕಂಟ್ರೋಲರಿಗೆ ಕರೆಂಟು ಕೊಟ್ಟಳು. ಪರದೆಯ ಕೆಂಪಕ್ಷರ ಹೋಗಿ ಅಂಕಿಗಳು ಮೂಡಿದವು. ಪ್ರೋಗ್ರಾಮಿಗೂ ಈಗ ಕಂಟ್ರೋಲರ್ ಸಿಕ್ಕಿತು. ಒಳಗೆ ಕೂತಿದ್ದ ತಪ್ಪನ್ನು ಅಳಿಸಿದಳು. ಒಂದು ಕ್ಷಣ ಏನೂ ಆಗಲಿಲ್ಲ. ಆಮೇಲೆ ಕಂಪ್ರೆಸರ್ ಒಮ್ಮೆ ಕೆಮ್ಮಿ ಗುಂಯ್ ಎಂದು ಹಿಡಿಯಿತು. ಬಾಗಿಲಲ್ಲಿದ್ದ ಹೆಂಗಸರೆಲ್ಲ ಒಟ್ಟಿಗೇ ಮಾತಾಡತೊಡಗಿದರು.

ಆದರೆ ರಂಜಿತಳಿಗೆ ಸಮಾಧಾನ ಎಲ್ಲಿಂದ ಬರಬೇಕು? ಹಾಲು ಆಗಲೇ ಎಷ್ಟೋ ಹೊತ್ತು ಬಿಸಿಯಾಗಿಯೇ ಇತ್ತು. ಪರದೆಯ ಡಿಗ್ರಿ ಇಳಿಯುವುದನ್ನು ನೋಡುತ್ತ, ಹೊರಗೆ ಹೋಗುತ್ತ, ಒಳಗೆ ಬರುತ್ತ, ಉಗುರು ಕಚ್ಚುತ್ತ ಕಾದಳು. ಟ್ಯಾಂಕರ್ ಬಂತು. ಅದರಿಂದಿಳಿದ ಹುಬ್ಬು ಗಂಟಿನ ಮನುಷ್ಯ ಗಾಜಿನ ಕೊಳವೆಯಲ್ಲಿ ಹಾಲಿಗೆ ಸ್ಪಿರಿಟ್ ಬೆರೆಸಿ ಅಲ್ಲಾಡಿಸಿದ. ಕೆಟ್ಟ ಹಾಲಾದರೆ ಅದರಲ್ಲಿ ಹರಳು ಹರಳಾಗಿ ಒಡೆಯುತ್ತದೆ. ಅವನು ಕೊಳವೆಯನ್ನು ಬೆಳಕಿಗೆ ಹಿಡಿದ. ಹೊರಳಿಸಿದ. ಮತ್ತೆ ಹಿಡಿದ.

"ಒಡ್ದಿಲ್ಲ, ಪೈಪ್ ಆಕ್ರಪ್ಪ," ಎಂದ.

ರಂಜಿತ ಟ್ಯಾಂಕಿಗೆ ಒರಗಿದಳು. ಪಟ್ಟಲಮ್ಮ ಪ್ಲಾಸ್ಟಿಕ್ ಕುರ್ಚಿ ಎಳೆದು ಅವಳನ್ನು ದಬ್ಬಿ ಕೂರಿಸಿದಳು. ಸಿದ್ದರಾಜು ತಲೆ ಕೆರೆದುಕೊಳ್ಳುತ್ತ ಹತ್ತಿರ ಬಂದ. "ಅಂಗಾರೆ ಕ್ಯಾಮರಾ ಗತಿ ಏನವ್ವ?"

"ಅದಕ್ಕೆ ಬೇರೆ ವೈರು, ಬೇರೆ ನಂಬರು. ಅರವತ್ಮೂರು ಕೊಡ್ಸಿ ಸಿದ್ರಾಜಣ್ಣ. ಅದೂ ಕೂಡುದ್ರೆ ಒಂಬತ್ತೇ."

ಅವನು ಬೆರಳಲ್ಲಿ ಕೂಡಿ ನೋಡಿ ತಲೆದೂಗಿದ.

ಆಗ ರಂಜಿತಳ ಫೋನು ಬಡಿದುಕೊಂಡಿತು. ಮದ್ದೂರಿನ ಮಿಲ್ಲು, ನಿನ್ನೆ ಸರಿಮಾಡಿದ್ದು ಮತ್ತೆ ನಿಂತಿದೆಯಂತೆ. ಅದರ ಹಿಂದೆಯೇ ಅಂಕಮ್ಮನ ಫೋನೂ ಬಡಿಯಿತು, ಮತ್ತೆ ತಮ್ಮನೇ. ರಂಜಿತ ಅವ್ವನ ಮುಖ ನೋಡಲಾರದೆ ನೆಲ ನೋಡಿದಳು. ಅಂಕಮ್ಮ ಫೋನನ್ನು ಕಿವಿಗೆ ಸಿಕ್ಕಿಸಿಕೊಂಡು, ಕ್ಯಾನಿನ ಮೇಲಿದ್ದ ಲ್ಯಾಪ್‌ಟಾಪನ್ನು ಮಡಚಿ ಚೀಲಕ್ಕೆ ಹಾಕಿ, ಚೀಲವನ್ನು ಮಗಳ ಮಡಿಲಿಗೆ ಇಟ್ಟಳು.

"ಏಳಮ್ಮಿ, ಅಲ್ಲಿ ಕಾಯ್ತಾವ್ರೆ," ಎಂದಳು. ಆಮೇಲೆ ಫೋನಿಗೆ ಹೇಳಿದಳು: "ಬ್ಯಾರೆ ಯಾರ್ನಾರ ನೋಡ್ಕಳ್ಲಾ. ನನ್ ಮಗ್ಳಿಗೆ ಕೂರಾಕೆ ಪುರುಸೊತ್ತಿಲ್ಲ."