ಲೈನ್‌ಮನ್ ಗಂಟಲಿನಲ್ಲಿ ಬಂದ ಫೋನು

ಮುನಿರಾಜಣ್ಣ, ಅವತ್ತು ನಿಮ್ಮ ಸ್ಟುಡಿಯೋಗೆ ಫೋನ್ ಮಾಡಿದ್ದು ಲೈನ್‌ಮನ್ ವೆಂಕಟಸ್ವಾಮಣ್ಣ ಅಲ್ಲ. ನಾನು. ಗಂಟಲು ಮಾತ್ರ ಅವರದು — ಕೆಮ್ಮೂ ಸೇರಿ.

ಶಿಡ್ಲಘಟ್ಟದ ನಮ್ಮ ಅಂಗಡಿಯಲ್ಲಿ, ಹೊಸ ಕಂಪ್ಯೂಟರನ್ನು ಜೋಡಿಸಿ ಪರೀಕ್ಷಿಸುವ ಕೆಲಸ ನನ್ನದಾಗಿತ್ತು. ಗಿರಾಕಿ ಹೊರಟ ಮೇಲೆ ಅವರಂತೆಯೇ ನಡೆದು, ಮಾತಾಡಿ ತೋರಿಸುವುದು ಇನ್ನೊಂದು ಕೆಲಸ, ಅದಕ್ಕೆ ಸಂಬಳವಿರಲಿಲ್ಲ. ಪರೀಕ್ಷೆಗೆ ಎರಡು ಸಾಫ್ಟ್‌ವೇರ್ ಇಟ್ಟುಕೊಂಡಿದ್ದೆ. ಒಂದು ಪ್ರೊಸೆಸರ್‌ನ ಬೆವರಿಳಿಸುವಂಥದ್ದು — ಪರದೆ ತುಂಬ ಬರೀ ಅಂಕಿ. ನೋಡಿದವರು, "ಇದೇನಪ್ಪಾ, ಆಗ್ಲೇ ಕೆಟ್ಟೋಯ್ತಾ?" ಅನ್ನುತ್ತಿದ್ದರು. ಇನ್ನೊಂದು ಗ್ರಾಫಿಕ್ಸ್ ಕಾರ್ಡಿನ ಪರೀಕ್ಷೆಗೆ — ಬಣ್ಣದ ಉಂಡೆಯೊಂದು ಗಿರಗಿರ ತಿರುಗುತ್ತಿತ್ತು.

ಮದುವೆ ವಿಡಿಯೋ ಮಿಕ್ಸಿಂಗಿಗೆ ದುಡಿಯುವುದು ಪ್ರೊಸೆಸರ್. ಅದು ನನಗೆ ಗೊತ್ತಿತ್ತು. ಆದರೂ ಸ್ಟುಡಿಯೋಗೆಂದು ಹೊಸ ಕಂಪ್ಯೂಟರ್ ಒಯ್ಯಲು ನೀವು ನಿಂಬೆಹಣ್ಣು ಹಿಡಿದು, ತಾಯಿಯವರನ್ನೂ ಕರೆದುಕೊಂಡು ಬಂದ ದಿನ ನಾನು ಆರಿಸಿದ್ದು ಉಂಡೆಯನ್ನು.

"ಏನ್ ಕಳೆ ಮಗಾ ಇದಕ್ಕೆ!" ಎಂದರು ಅಮ್ಮ.

ಪಾಸಾಯಿತು ಎಂದುಬಿಟ್ಟೆ. ನಮ್ಮೂರಲ್ಲಿ ರೇಷ್ಮೆಗೂಡು ಕೊಳ್ಳುವವರೂ ಕಿವಿಯ ಹತ್ತಿರ ಅಲ್ಲಾಡಿಸಿ, ಒಳಗಿನ ಹುಳ ಹೇಗಿದೆಯೆಂದು ತಿಳಿದುಕೊಳ್ಳುತ್ತಾರೆ. ನಾನೋ — ಮೇಲಿನ ಬಣ್ಣ ನೋಡಿ...

ಸ್ವಲ್ಪ ದಿನಕ್ಕೇ ನಿಮ್ಮ ದೂರು ಬಂತು: ಮಿಕ್ಸಿಂಗ್ ಶುರುಮಾಡಿದರೆ, ತಾಳಿ ಕಟ್ಟುವ ಹೊತ್ತಿಗೆ ಸರಿಯಾಗಿ ಕಂಪ್ಯೂಟರ್ ಆರಿಹೋಗುತ್ತದೆ. ಕೇಳಿದೊಡನೆ ನನಗೆ ನೆನಪಾಯಿತು. ಪ್ರೊಸೆಸರ್ ಮೇಲೆ ಕೂರಿಸುವ ಫ್ಯಾನಿನ ತಳದಲ್ಲಿ ತೆಳ್ಳಗಿನ ಪ್ಲಾಸ್ಟಿಕ್ ಹಾಳೆ ಅಂಟಿರುತ್ತದೆ. ಕೂರಿಸುವ ಮುನ್ನ ಕೀಳಬೇಕಾದ ಅದನ್ನು ನಾನು ಕಿತ್ತೇ ಇರಲಿಲ್ಲ. ಬಿಸಿ ಹೊರಹೋಗಲು ದಾರಿಯೇ ಇಲ್ಲ! ಅಂಕಿಗಳ ಸಾಫ್ಟ್‌ವೇರ್ ಹಾಕಿದ್ದರೆ ಅಂಗಡಿಯಲ್ಲೇ ಗುಟ್ಟು ಬಯಲಾಗುತ್ತಿತ್ತು. ಆಗಲಾದರೂ ಹೇಳಬಹುದಿತ್ತು. ಬದಲಿಗೆ ಫೋನೆತ್ತಿ, ಕೆಮ್ಮಿ —

"ಏಮಪ್ಪಾ ಮುನಿರಾಜಾ, ನಿಮ್ ಲೈನಲ್ಲಿ ವೋಲ್ಟೇಜೇ ಸರಿಗಿಲ್ಲ ಕಣಯ್ಯ. ಆ ಕಂಪ್ಯೂಟರ್ ಹುಡುಗನ್ನ ಬಯ್ಬೇಡ, ಬಂಗಾರದಂಥ ಹುಡುಗ!"

ಕೊನೆಯ ಮಾತು ಆ ಪಾತ್ರಕ್ಕೆ ಬೇಕಿರಲಿಲ್ಲ.

ಮರುದಿನ ನಿಮ್ಮ ಸ್ಟುಡಿಯೋಗೆ ಬಂದು, ಟೀ ತರಲು ನಿಮ್ಮನ್ನು ಕಳಿಸಿ, ಹಾಳೆ ಕಿತ್ತು ಜೇಬಿಗೆ ಹಾಕಿಕೊಂಡೆ. ಕಂಪ್ಯೂಟರ್ ಸರಿಹೋಯಿತು. ನೀವು ಬೆನ್ನು ತಟ್ಟಿದಿರಿ. ಅಷ್ಟಕ್ಕೇ ಮುಗಿದಿದ್ದರೆ...

ಸಂಜೆ ಟೀ ಅಂಗಡಿಯಲ್ಲಿ ವೆಂಕಟಸ್ವಾಮಣ್ಣನನ್ನು ನೀವು ಕೇಳಿದಿರಿ, ವೋಲ್ಟೇಜ್ ಯಾವಾಗ ಸರಿಮಾಡ್ತೀಯ ಅಂತ. ಅವರು ಕಣ್ಣು ಬಿಟ್ಟರು.

"ಯಾವ ವೋಲ್ಟೇಜು? ನಾನ್ಯಾವಾಗ ಫೋನ್ ಮಾಡ್ದೆ?"

"ನಿನ್ ಕೆಮ್ಮು ನಂಗ್ ಗೊತ್ತಾಗಲ್ವೇನಯ್ಯ?"

"ಅಂದ್ರೆ ನಾನ್ ಸುಳ್ ಹೇಳ್ತಿದೀನಾ?"

ನಾನು ಪಕ್ಕದಲ್ಲೇ ಗ್ಲಾಸು ಹಿಡಿದು ನಿಂತಿದ್ದೆ. ಊರಿನ ಎಲ್ಲರ ದನಿಯೂ ಬರುತ್ತಿದ್ದ ನನಗೆ ಆಗ ಒಂದೂ ಬರಲಿಲ್ಲ. ಅಲ್ಲಿಯವರೆಗೆ ನೀವಿಬ್ಬರೂ ದಿನಾ ಒಂದೇ ಟೀಯನ್ನು ಬೈ ಟು ಮಾಡಿ ಕುಡಿಯುತ್ತಿದ್ದಿರಿ. ಆಮೇಲೆ ಬೇರೆ ಬೇರೆ ಬೆಂಚು, ಇಬ್ಬರಿಗೂ ಫುಲ್ ಟೀ. ವರ್ಷಗಳು ಕಳೆದರೂ ಹಾಗೆಯೇ. ನಾನು ಇವತ್ತಿಗೂ ಎಲ್ಲರನ್ನೂ ನಗಿಸುತ್ತೇನೆ. ಆ ಕೆಮ್ಮನ್ನು ಮಾತ್ರ ಮತ್ತೆ ಕೆಮ್ಮಿಲ್ಲ.

ನಾಳೆ ಸಂಜೆ ಟೀ ಅಂಗಡಿಗೆ ಬರುತ್ತೇನೆ. ವೆಂಕಟಸ್ವಾಮಣ್ಣನನ್ನೂ ಕರೆತರುತ್ತೇನೆ. ನಿಮ್ಮಿಬ್ಬರ ಎದುರಿಗೇ ನಿಂತು, ಅದೇ ಗಂಟಲಲ್ಲಿ, ಅದೇ ಮಾತನ್ನು ಹೇಳುತ್ತೇನೆ — ಬಂಗಾರದಂಥ ಹುಡುಗ ಅನ್ನುವುದನ್ನು ಬಿಟ್ಟು. ಆಮೇಲೆ ಬಯ್ಯಿರಿ. ಒಬ್ಬೊಬ್ಬರಾಗಿ ಬೇಡ ಅಣ್ಣಾ — ಒಂದೇ ಬೆಂಚಿನಲ್ಲಿ ಕೂತು, ಇಬ್ಬರೂ ಸೇರಿ ಬಯ್ಯಿರಿ.