ಡಾಂಬರಿನ ಮೇಲಿನ ಕಣ

ಹುಣಸೂರಿನಿಂದ ಎಚ್.ಡಿ. ಕೋಟೆಗೆ ಹೋಗುವ ದಾರಿಯಲ್ಲಿ ಅರ್ಧ ರಸ್ತೆಗೆ ಹುರುಳಿ ಗಿಡ ಹರಡಿದ್ದರು. ಹಾದುಹೋಗುವ ವಾಹನಗಳ ಚಕ್ರವೇ ಒಕ್ಕಣೆ ಮಾಡಲಿ ಎಂಬುದು ಇಲ್ಲಿನವರ ಉಪಾಯ. ನೋಡಬೇಕೆನಿಸಿ ಇಳಿದೆ. ಚಾಲಕ ಕಾರನ್ನು ಹುರುಳಿಯ ಮೇಲೆಯೇ ಓಡಿಸಿ ಆಚೆ ತುದಿಯಲ್ಲಿ ನಿಲ್ಲಿಸಿದ. ಹಿಂದೆಯೇ ನಾನೂ ಹೊರಟೆ.

"ಬೂಟು ಬಿಚ್ಚಿ ಬನ್ನಿ ಸಾಮಿ, ಇದು ಕಣ," ಎಂದಳು ಕೋಲಿನಿಂದ ಗಿಡ ತಿರುವುತ್ತಿದ್ದ ಹೆಂಗಸು. ಅವಳ ಚಪ್ಪಲಿ ರಸ್ತೆಯಂಚಿನಲ್ಲಿತ್ತು.

ನಾನು ಕ್ಯಾಥೊಲಿಕ್, ಮೈಸೂರಿನಲ್ಲಿ ಭಾನುವಾರದ ಬಲಿಪೂಜೆಗೂ ಬೂಟು ಹಾಕಿಕೊಂಡೇ ಚರ್ಚಿನೊಳಗೆ ಹೋಗುವವನು. ವಿಶ್ವವಿದ್ಯಾಲಯದಲ್ಲಿ ಧರ್ಮಗಳ ಅಧ್ಯಯನ ಕಲಿಸುತ್ತೇನೆ. ಪವಿತ್ರ ಸ್ಥಳ ಎಂದರೇನು ಎಂಬ ಉಪನ್ಯಾಸ ಆಗ ಕಾರಿನಲ್ಲಿದ್ದ ಚೀಲದಲ್ಲೇ ಇತ್ತು, ಸಂಜೆ ಕೋಟೆಯ ಕಾಲೇಜಿನಲ್ಲಿ ಓದಬೇಕಿತ್ತು. ಮೇಷ್ಟರ ಚಟ ಬಿಡಲಿಲ್ಲ, ವಾದಕ್ಕಿಳಿದೆ.

"ಈಗ ತಾನೇ ನನ್ನ ಕಾರು ಇದರ ಮೇಲೆ ಹೋಯಿತಲ್ಲಮ್ಮ?"

"ಕಾರು ಗೇಮೆ ಮಾಡ್ತು ಕಣ್ರೀ, ಕಾಳು ಉದುರಿಸ್ತು. ನೀವು ಸುಮ್ನೆ ನೋಡಕ್ಕೆ ಬಂದಿದ್ದೀರಿ."

ಯಾವ ಸೆಮಿನಾರಿನಲ್ಲೂ ನನಗೆ ಇಷ್ಟು ನೇರವಾದ ಉತ್ತರ ಸಿಕ್ಕಿರಲಿಲ್ಲ. ಬೂಟು, ಕಾಲುಚೀಲ ಬಿಚ್ಚಿಟ್ಟು ಅವಳಿಂದ ಕೋಲು ಕೇಳಿ ಪಡೆದೆ. ಅರ್ಧ ಗಂಟೆ ಗಿಡ ತಿರುವಿದೆ. ಒಣಗಿದ ಕಾಯಿ ಅಂಗಾಲಿಗೆ ಚುಚ್ಚುತ್ತಿತ್ತು. ಅವಳು ಅದರ ಮೇಲೆ ಮನೆಯೊಳಗೆ ಓಡಾಡುವಂತೆ ಓಡಾಡುತ್ತಿದ್ದಳು.

ಹೊರಡುವಾಗ ನಾನು ಬೂಟನ್ನು ಕೈಗೆತ್ತಿಕೊಂಡದ್ದು ನೋಡಿ ನಕ್ಕಳು.

"ಆಕ್ಕೊಂಡೇ ಓಗಿ ಸಾಮಿ. ನೀವೂ ಗೇದ್ರಲ್ಲ."

ಕಾರು ಆಚೆ ತುದಿಯಲ್ಲಿತ್ತು. ಬೂಟನ್ನು ಕಂಕುಳಲ್ಲಿ ಇಟ್ಟುಕೊಂಡು ಬರಿಗಾಲಲ್ಲೇ ದಾಟಿದೆ.