ವಾಸು ಮಾವನ ಲೀಗು, ಅಜ್ಜಿಯ ಕಾಫಿ

ಆ ಕಾಲದಲ್ಲಿ ಬೊಂಬಾಯಿಯ ಸುದ್ದಿ ಉಪ್ಪಿನಂಗಡಿಗೆ ಮುಟ್ಟಲು ಐದು ದಿನ ಬೇಕಿತ್ತು. ಮಳೆ ಜೋರಾದರೆ ಎಂಟು. ಹೊಳೆ ತುಂಬಿದರೆ ಹೇಳುವಂತೆಯೇ ಇರಲಿಲ್ಲ. ಕಾಯುವುದೆಂದರೆ ನನಗೆ ಈಗಲೂ ಆಗದು; ಬಸ್ಸು ಹತ್ತು ನಿಮಿಷ ತಡವಾದರೆ ನಿಂತಲ್ಲಿ ನಿಲ್ಲಲಾರೆ. ಈ ಚಾಳಿ ಅಂಟಿದ್ದು ಅರವತ್ತರ ದಶಕದ ಒಂದು ಮಳೆಗಾಲದಲ್ಲಿ, ವಾಸು ಮಾವ ಬೊಂಬಾಯಿಯ ಫುಟ್‌ಬಾಲ್ ಲೀಗಿನಲ್ಲಿ ಆಡುತ್ತಿದ್ದಾಗ. ಆಗ ನನಗೆ ಹನ್ನೆರಡು ವರ್ಷ.

ಬಸ್ಸು ನಿಲ್ಲುವಲ್ಲೇ ಅಪ್ಪನ ಹೋಟೆಲು. ಹಿಂದಿನ ಎರಡು ಕೋಣೆಗಳಲ್ಲಿ ನಾವು ನಾಲ್ವರು: ಅಪ್ಪ, ಅಮ್ಮ, ನಾನು, ಅಮ್ಮನ ತಾಯಿ. ವಾಸು ಮಾವ ಅಜ್ಜಿಯ ಒಬ್ಬನೇ ಮಗ. ಪುತ್ತೂರಿನ ಹೈಸ್ಕೂಲಿನಲ್ಲಿ ಅವನು ಪುಸ್ತಕ ತೆರೆದದ್ದಕ್ಕಿಂತ ಚೆಂಡು ಒದ್ದದ್ದೇ ಹೆಚ್ಚು ಎಂದು ಅಪ್ಪ ಹಂಗಿಸುತ್ತಿದ್ದರು. ಸಂಬಂಧಿಕರ ಹೋಟೆಲಿನಲ್ಲಿ ಕೆಲಸಕ್ಕೆಂದು ಬೊಂಬಾಯಿಗೆ ಹೋದವನು, ಸಂಜೆ ಮೈದಾನದಲ್ಲಿ ಆಡುತ್ತ ಆಡುತ್ತ ಒಂದು ಬಟ್ಟೆ ಮಿಲ್ಲಿನವರ ಕಣ್ಣಿಗೆ ಬಿದ್ದ. ಆಗ ಮಿಲ್ಲುಗಳಿಗೆ ತಮ್ಮದೇ ತಂಡಗಳಿದ್ದವು. ಆಟಗಾರರಿಗೆ ಅಲ್ಲೇ ಗುಮಾಸ್ತರ ಕೆಲಸ: ಬೆಳಿಗ್ಗೆ ಕಡತ, ಸಂಜೆ ಚೆಂಡು.

ಮಳೆ ಶುರುವಾದ ವಾರ ಅವನ ಕಾಗದ ಬಂತು. ಅಮ್ಮ ಜೋರಾಗಿ ಓದಿದರು. ಈ ಸಲ ಲೀಗಿನಲ್ಲಿ ಕೊನೆಯ ಎರಡು ಸ್ಥಾನಕ್ಕೆ ಇಳಿದ ತಂಡ ಕೆಳಗಿನ ಡಿವಿಜನ್ನಿಗೆ ಹೋಗುತ್ತದೆ. ಹಾಗಾದರೆ ಮಿಲ್ಲಿನವರು ತಂಡವನ್ನೇ ಮುಚ್ಚುವ ಯೋಚನೆಯಲ್ಲಿದ್ದಾರೆ. ಉಳಿದುಕೊಂಡರೆ ತನ್ನ ಕೆಲಸ ಖಾಯಂ.

ಅಜ್ಜಿ ಕೈಯಲ್ಲಿದ್ದ ಕಾಫಿ ಲೋಟವನ್ನು ಕೆಳಗಿಟ್ಟರು.

"ವಾಸುವಿನ ಕೆಲಸ ಖಾಯಂ ಆಗುವ ತನಕ ನಂಗೆ ಕಾಫಿ ಬೇಡ."

"ಎಂತ ಅತ್ತೆ ನೀವು," ಅಪ್ಪ ನಕ್ಕರು. "ಹೋಟೆಲಿನವರ ಮನೆಯಲ್ಲಿ ಕಾಫಿ ಬಿಡುದಾ? ಕೇಳಿದವರು ನಮ್ಮ ಕಾಫಿಯೇ ಸರಿ ಇಲ್ಲ ಅಂತಾರೆ."

"ಕಾಶಿಗೆ ಹೋದವರು ಇಷ್ಟದ್ದು ಒಂದು ಬಿಟ್ಟು ಬರುದಿಲ್ವಾ? ಕಾಶಿಗೆ ಹೋಗ್ಲಿಕ್ಕೆ ನನ್ನಿಂದಾಗುದಿಲ್ಲ. ಬಿಡ್ಲಿಕ್ಕಾದ್ರೂ ಆಗ್ತದಲ್ಲ."

ಇದು ಸಣ್ಣ ಮಾತಲ್ಲ. ಅಜ್ಜಿಗೆ ದಿನಕ್ಕೆ ಮೂರು ಲೋಟ ಕಾಫಿ ಬೇಕೇ ಬೇಕು, ಅದೂ ಮೊದಲ ಡಿಕಾಕ್ಷನ್ನಿನದ್ದು. ಮೊದಲ ವಾರ ತಲೆಗೆ ಬಟ್ಟೆ ಕಟ್ಟಿಕೊಂಡು ಮಲಗಿದರು. ಆಮೇಲೆ ಕೊತ್ತಂಬರಿ ಕಷಾಯಕ್ಕೆ ಇಳಿದರು. ಅದನ್ನು ಕುಡಿಯುವಾಗ ಅವರ ಮುಖ ನೋಡಲು ಆಗುತ್ತಿರಲಿಲ್ಲ. ಗೋಡೆಯ ಆಚೆ ಹೋಟೆಲಿನ ಕಾಫಿಯ ಪರಿಮಳ ಮೇಲೆದ್ದಾಗ ಅಜ್ಜಿ ಎದ್ದು ಹಿತ್ತಿಲ ಬಾಗಿಲಿಗೆ ಹೋಗಿ ನಿಲ್ಲುತ್ತಿದ್ದರು.

ನಮ್ಮ ಮನೆಗೆ ಲೀಗಿನ ಹುಚ್ಚು ಹಿಡಿಯಿತು. ವಾಸು ಮಾವ ಆಡುತ್ತಿದ್ದದ್ದು ಬ್ಯಾಕ್. ಎದುರಿನವರಿಗೆ ಗೋಲು ಹಾಕಲು ಬಿಡದಿರುವುದೇ ಅವನ ಕೆಲಸ ಎಂದು ನಾನು ಅಜ್ಜಿಗೆ ಬಿಡಿಸಿ ಹೇಳಿದೆ.

"ಹಾಕ್ಲಿಕ್ಕೆ ಬಿಡದಿದ್ರೆ ಜಗಳ ಆಗುದಿಲ್ವಾ ಮಗಾ?" ಎಂದು ಅಜ್ಜಿ ಗಾಬರಿಯಾದರು.

ಬಸ್ಸಿನ ಅಂಗಳದಲ್ಲಿ ನಾವು ಮಕ್ಕಳು ಚಕ್ಕೋತದ ಕಾಯಿಯನ್ನು ಒದೆಯುತ್ತಿದ್ದೆವು. ಹುಡುಗಿಗೆ ಎಂತ ಚೆಂಡು ಎಂದವರಿಗೆ ನಾನು ವಾಸು ಮಾವನ ಹೆಸರು ಹೇಳುತ್ತಿದ್ದೆ. ಕಾಯಿ ಒಡೆದು ಹುಳಿ ವಾಸನೆ ಕಾಲಿಗೆ ಹತ್ತಿದರೆ ಆಟ ಮುಗಿಯಿತು. ಅಷ್ಟರಲ್ಲಿ ಮಂಗಳೂರಿನ ಬಸ್ಸು ಬಂದರೆ ಎಲ್ಲ ಬಿಟ್ಟು ಟಪ್ಪಾಲು ಚೀಲದ ಹಿಂದೆ ಅಂಚೆ ಕಚೇರಿಯವರೆಗೆ ಓಡುತ್ತಿದ್ದೆ. ಕಾಗದಗಳು ಒಂದು ವಾರ ಖುಷಿ, ಒಂದು ವಾರ ಸಂಕಟ ತಂದವು. ಗೆದ್ದರು, ಸೋತರು, ಸಮ ಮಾಡಿಕೊಂಡರು. ಕೊನೆಗೊಂದು ಕಾಗದ: ಬರುವ ಶನಿವಾರ ಕೊನೆಯ ಮ್ಯಾಚು. ಗೆದ್ದರೆ ಉಳಿದೆವು.

ಆ ಶನಿವಾರಕ್ಕೆ ಸರಿಯಾಗಿ ಮಳೆ ಹುಚ್ಚೆದ್ದು ಹೊಯ್ಯಿತು. ಕುಮಾರಧಾರೆ, ನೇತ್ರಾವತಿ ಎರಡೂ ಒಟ್ಟಿಗೆ ಏರಿದವು. ರಸ್ತೆ ಮುಳುಗಿತು, ಬಸ್ಸಿಲ್ಲ, ಟಪ್ಪಾಲಿಲ್ಲ. ಭಾನುವಾರ, ಸೋಮವಾರ, ಮಂಗಳವಾರ. ನಾನು ದಿನಕ್ಕೆ ಹತ್ತು ಸಲ ಕೊಡೆ ಹಿಡಿದು ನೀರು ಎಲ್ಲಿಯವರೆಗೆ ಬಂದಿದೆ ಎಂದು ನೋಡಿ ಬರುತ್ತಿದ್ದೆ. ಅಜ್ಜಿ ಕೂತಲ್ಲಿ ಕೂರಲಿಲ್ಲ. ಅಮ್ಮ ಸಾರಿಗೆ ಎರಡು ಸಲ ಉಪ್ಪು ಹಾಕಿದರು.

ದಾರಿಯಲ್ಲಿ ಸಿಕ್ಕಿಕೊಂಡ ಪ್ರಯಾಣಿಕರಿಂದ ಹೋಟೆಲು ಮಾತ್ರ ತುಂಬಿತ್ತು. ಗೋಳಿಬಜೆ ಕಟ್ಟಿಕೊಡಲು ಹಳೆ ಪೇಪರಿನ ದೊಡ್ಡ ಕಟ್ಟು ಮಂಗಳೂರಿನಿಂದ ಬರುತ್ತಿತ್ತು. ಅದರಲ್ಲಿ ಬೊಂಬಾಯಿಯ ಇಂಗ್ಲಿಷ್ ಪೇಪರೇ ಹೆಚ್ಚು. ಹಾಳೆ ದೊಡ್ಡದು ಎಂದು ಅಪ್ಪನಿಗೆ ಅದು ಇಷ್ಟ. ಒಂದು ಹಾಳೆಯನ್ನು ನಾಲ್ಕು ತುಂಡು ಮಾಡುವುದು ನನ್ನ ಕೆಲಸ. ಬುಧವಾರ ಬೆಳಿಗ್ಗೆ ಹಾಗೆ ಕತ್ತರಿಸುತ್ತಿದ್ದಾಗ ಒಂದು ತುಂಡಿನಲ್ಲಿ ವಾಸು ಮಾವನ ಮಿಲ್ಲಿನ ಹೆಸರು ಕಂಡಿತು. ಪಕ್ಕದಲ್ಲಿ ಎರಡು, ಸೊನ್ನೆ. ಗೆದ್ದು ಮೊದಲ ಡಿವಿಜನ್ನಿನಲ್ಲಿ ಉಳಿಯಿತು ಎಂದು ತಿಳಿಯಲು ನನಗೆ ಬರುತ್ತಿದ್ದ ಇಂಗ್ಲಿಷು ಸಾಕಾಯಿತು.

"ಅಜ್ಜೀ, ಗೆದ್ರು! ಮಾವನವರು ಗೆದ್ರು!"

"ಸರೀ ಓದಿದ್ಯಾ ಮಗಾ?"

"ಪೇಪರಿನಲ್ಲೇ ಉಂಟು!"

"ಪೇಪರಿನಲ್ಲಿ ಬಂತಾ? ಹಾಗಾದ್ರೆ ಇನ್ನೆಂತ ನೋಡುದು," ಎಂದು ಅಪ್ಪ ಕಾವಲಿ ಬಿಟ್ಟು ಓಡಿ ಬಂದರು. ತಾವೇ ಕಾಫಿ ಬೆರೆಸಿ, ನೊರೆ ಬರಿಸಿ, ಲೋಟವನ್ನು ಅಜ್ಜಿಯ ಕೈಗಿಟ್ಟರು. ಅಜ್ಜಿ ಬೊಂಬಾಯಿ ಯಾವ ದಿಕ್ಕಿಗೆ ಎಂದು ಕೇಳಿ, ಆ ಕಡೆ ಕೈ ಮುಗಿದು, ಕಣ್ಣು ಮುಚ್ಚಿ ಕುಡಿದರು. ಲೋಟ ಖಾಲಿಯಾದ ಮೇಲೂ ಸ್ವಲ್ಪ ಹೊತ್ತು ಅದನ್ನು ಕೆಳಗಿಡಲಿಲ್ಲ. ಅಷ್ಟು ಸುಖದ ಮುಖವನ್ನು ನಾನು ಮತ್ತೆ ನೋಡಿಲ್ಲ.

ನೆರೆಗೆ ಮೊದಲೇ ಬಂದ ಕಟ್ಟಿನಲ್ಲಿ ಮೊನ್ನೆ ಶನಿವಾರದ ಮ್ಯಾಚು ಹೇಗಿರುತ್ತದೆ? ಮನೆಯಲ್ಲಿ ಒಬ್ಬರಿಗೂ ಇದು ಹೊಳೆಯಲಿಲ್ಲ. ಕಾದು ಕಾದು ನಮಗೆಲ್ಲ ತಲೆ ಕೆಟ್ಟಿತ್ತು.

ನನಗೆ ಹೊಳೆದದ್ದು ಮಧ್ಯಾಹ್ನ. ಅದೇ ಹಾಳೆಯ ಇನ್ನೊಂದು ತುಂಡು ಕೈಗೆ ಬಂತು, ಮೇಲೆ ತಾರೀಕು. ಅದು ಹೋದ ವರ್ಷದ ಪೇಪರು. ಒಳಗೆ ಓಡಿದೆ. ಅಜ್ಜಿ ಎರಡನೆಯ ಲೋಟ ಹಿಡಿದು ಅಮ್ಮನೊಂದಿಗೆ ನಗುತ್ತಿದ್ದರು. ಹೇಳಲು ಬಾಯಿ ತೆರೆದೆ.

"ಎಂತ ಮಗಾ?"

"ಎಂತ ಇಲ್ಲ," ಎಂದೆ. ಈ ಸಲವೂ ಗೆದ್ದಿರಬಹುದಲ್ಲ ಎಂದು ನನಗೆ ನಾನೇ ಹೇಳಿಕೊಂಡೆ. ಎರಡೂ ತುಂಡುಗಳನ್ನು ಒಲೆಗೆ ಹಾಕಿದೆ. ಆಮೇಲಿನ ಒಂದು ವಾರ ಅಜ್ಜಿ ಲೋಟ ಎತ್ತಿದಾಗಲೆಲ್ಲ ನಾನು ಹಿತ್ತಿಲ ಬಾಗಿಲಿಗೆ ಹೋಗಿ ನಿಲ್ಲುತ್ತಿದ್ದೆ. ಆಟ ಬೇಡವಾಯಿತು, ಊಟ ಸೇರಲಿಲ್ಲ. ಮೊದಲು ಬಸ್ಸು ಬರಲಿ ಎಂದು ಹಾರೈಸುತ್ತಿದ್ದವಳು ಈಗ ಬಾರದಿರಲಿ ಎಂದು ಬೇಡಿಕೊಳ್ಳತೊಡಗಿದೆ.

ನೀರು ಇಳಿಯಿತು, ಬಸ್ಸು ಬಂತು, ಕಾಗದವೂ ಬಂತು. ಒಂದು ಗೋಲಿನಿಂದ ಸೋತಿದ್ದರು. ಗುರುವಾರ ಮಿಲ್ಲಿನವರು ಸಭೆ ಸೇರಿ ತಂಡವನ್ನು ಮುಚ್ಚಿದರು. ಆಟಗಾರರ ಕೆಲಸವೂ ಅದರೊಂದಿಗೆ ಹೋಯಿತು. ತಾನು ಊರಿಗೆ ಬರುತ್ತಿದ್ದೇನೆ ಎಂದು ವಾಸು ಮಾವ ಬರೆದಿದ್ದ.

"ಪೇಪರಿನವರಿಗೆ ಎಂತ, ಬಾಯಿಗೆ ಬಂದದ್ದು ಬರೀತಾರೆ," ಎಂದು ಅಪ್ಪ ರೇಗಿದರು. ನಾನು ಬಾಗಿಲ ಹಿಂದೆ ನಿಂತಿದ್ದೆ.

"ಪೇಪರಿನವರದ್ದಲ್ಲ, ನಂದು ತಪ್ಪು," ಎಂದರು ಅಜ್ಜಿ. "ಖಾಯಂ ಆಗುವ ತನಕ ಅಂತ ದೇವರಿಗೆ ಹೇಳಿದ್ದು ನಾನು. ನಾಲಿಗೆ ತಡೀಲಿಲ್ಲ."

"ಅತ್ತೆ, ಅವರು ಸೋತದ್ದು ಶನಿವಾರ. ನೀವು ಕುಡಿದದ್ದು ಬುಧವಾರ."

"ಮಿಲ್ಲಿನವರು ಮುಚ್ಚಿದ್ದು? ಗುರುವಾರ ಅಲ್ವಾ?"

ಅಪ್ಪ ಕಾಗದವನ್ನು ಮಡಚಿಟ್ಟು ಹೋಟೆಲಿನ ಕಡೆ ನಡೆದರು.

ವಾಸು ಮಾವ ಬಂದು ಅಪ್ಪನ ಹೋಟೆಲಿನಲ್ಲೇ ನಿಂತ, ಬೇಗ ನಗುವುದನ್ನೂ ಕಲಿತ. ಅಜ್ಜಿ ಮಾತ್ರ ಮತ್ತೆ ಕಾಫಿ ಮುಟ್ಟಲಿಲ್ಲ. ಇನ್ನೂ ಹನ್ನೊಂದು ವರ್ಷ ಬದುಕಿದ್ದರು. "ಒಂದೇ ಗುಟುಕು ಅಮ್ಮ," ಎಂದು ಮಗ ಬೆಳಿಗ್ಗೆ ಬೆಳಿಗ್ಗೆ ಲೋಟ ಹಿಡಿದು ನಿಂತರೂ ಮುಖ ತಿರುಗಿಸುತ್ತಿದ್ದರು. ನಾನು ಅದನ್ನು ನೋಡುತ್ತ ದೊಡ್ಡವಳಾದೆ, ಮದುವೆಯಾಗಿ ಹೋದೆ. ಪ್ರತಿ ಸಲ ಬಂದಾಗಲೂ ಈ ಸಲ ಹೇಳಿಬಿಡುತ್ತೇನೆ ಎಂದುಕೊಳ್ಳುತ್ತಿದ್ದೆ. ಹೇಳಲಿಲ್ಲ.

ಈಗ ಹೋಟೆಲಿಲ್ಲ, ಅದಿದ್ದ ಜಾಗವನ್ನು ಅಗಲವಾದ ಹೆದ್ದಾರಿ ನುಂಗಿದೆ. ಅಪ್ಪ, ಅಮ್ಮ, ಅಜ್ಜಿ ಯಾರೂ ಇಲ್ಲ. ಯಾವ ದೇಶದ ಮ್ಯಾಚಾದರೂ ಗೋಲು ಬಿದ್ದ ಕ್ಷಣವೇ ಗೊತ್ತಾಗುತ್ತದೆ. ಆ ಕಾಯುವಿಕೆ ಹೋಯಿತೆಂದು ನನಗೆ ಬೇಸರವಿಲ್ಲ. ನಮ್ಮ ಮನೆಯಲ್ಲಿ ಯಾರಾದರೂ ಒಬ್ಬರಿಗಾಗಿ ಇಷ್ಟದ್ದೊಂದನ್ನು ಬಿಟ್ಟು ಕೂರುವವರು ಈಗ ಉಳಿದಿಲ್ಲ, ಬೇಸರ ಅದಕ್ಕೆ.

ಕೆಲವು ವರ್ಷಗಳ ಹಿಂದೆ ಕಬಕದಲ್ಲಿ ವಾಸು ಮಾವನ ಮನೆಗೆ ಹೋಗಿದ್ದೆ. ಅವನು ಟೀವಿಯಲ್ಲಿ ಯಾವುದೋ ಲೀಗು ನೋಡುತ್ತಿದ್ದ. ಪಕ್ಕದಲ್ಲಿ ಕೂತು ಎಲ್ಲವನ್ನೂ ಹೇಳಿದೆ: ಹಳೆಯ ಪೇಪರು, ತಾರೀಕು, ಒಲೆ. ಅವನು ಟೀವಿಯ ಸ್ವರ ಸಣ್ಣ ಮಾಡಿದ.

"ನಂಗೆ ಹೇಳಿ ಎಂತ ಪ್ರಯೋಜನ ಮಾರಾಯ್ತಿ," ಎಂದ. "ಅಮ್ಮನಿಗೆ ಹೇಳ್ಬೇಕಿತ್ತು. ನಿಂಗೆ ನಾಲ್ಕು ಬೈತಿದ್ಳು. ಬೈದು, ಕಾಫಿ ಕುಡೀತಿದ್ಳು."